ಮಣ್ಣಕ್ಕನ ಬೋಳು ಟ್ರೇ

ಮಳೆ ಬಂದರೆ ಜನ ಒಣಹಾಕಿದ ಬಟ್ಟೆಯ ಕಡೆ ಓಡುತ್ತಾರೆ. ಮಣ್ಣಕ್ಕ ಓಡುವುದು ಚರಂಡಿಯ ಕಡೆಗೆ. ಮೊಣಕಾಲಿಗೆ ಕೈಯೂರಿ ಬಗ್ಗಿ, ಹರಿಯುವ ಕೆನ್ನೀರನ್ನು ದಿಟ್ಟಿಸುತ್ತ, ಕತ್ತಿನ ಸರ ಬೀಳಿಸಿಕೊಂಡವಳಂತೆ "ಹೋಯ್ತಲ್ರೀ, ಎಲ್ಲಾ ಹೋಯ್ತಲ್ಲಾ!" ಎಂದು ಹಲುಬುತ್ತಾಳೆ. ಏನೋ ಕಳೆದಿದೆಯೆಂದು ಯಾರಾದರೂ ಕನಿಕರಿಸಿ ಹುಡುಕಲು ಬಗ್ಗಿದರೋ, ಮುಗಿಯಿತು, ಆ ಮಳೆಯಲ್ಲೇ ಅವರಿಗೆ ಮೇಲ್ಮಣ್ಣಿನ ಪಾಠ. "ಬೆರಳುದ್ದ ಮಣ್ಣಾಗೋಕೆ ನೂರಾರು ವರ್ಷ ಬೇಕು. ಗೊತ್ತಾಯ್ತಾ, ಇಲ್ವಾ?"

ಆ "ಗೊತ್ತಾಯ್ತಾ, ಇಲ್ವಾ?" ಅವಳ ಪ್ರತಿ ಮಾತಿಗೂ ಅಂಟಿಕೊಂಡ ಬಾಲ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ಅದೇ, ಗಂಡನಿಗೆ ಗ್ಯಾಸ್ ಆರಿಸೆಂದು ಹೇಳುವಾಗಲೂ ಅದೇ. "ನಿದ್ದೇಲೂ ಕೇಳ್ತಾಳೆ ಕಣ್ರೋ, ಗೊತ್ತಾಯ್ತು ಅಂದ್ರೇನೇ ಮಗ್ಗುಲು ಬದಲಾಯಿಸೋದು" ಎಂಬುದು ಗಂಡನ ದೂರು.

ನೆಲ ಉಳಿಸುವ ತಿಳಿವಳಿಕೆ ಶಿಬಿರ ನಡೆಸುವುದು ಅವಳ ಉದ್ಯೋಗ. ಕಚೇರಿಯವರು ಕೊಟ್ಟ, ಅವಳಂಥವರು ಇಬ್ಬರು ಹಿಡಿಸುವಷ್ಟು ದೊಡ್ಡ ಕೋಟು ತೊಟ್ಟು, ಜೇಬಿನ ಡಬ್ಬಿಯಲ್ಲಿ ಎರೆಹುಳುಗಳನ್ನು ಇಟ್ಟುಕೊಂಡು, ಬಲಗೈಯಲ್ಲಿ ಮಣ್ಣಿನ ಟ್ರೇಗಳ ಗೂಡೆ ಹಿಡಿದು, ಎಡಕ್ಕೆ ವಾಲಿ ವಾಲಿ ಅವಳು ಬರುವುದನ್ನು ಕಂಡರೆ ಬಸ್ಸಿನ ಕಂಡಕ್ಟರ್ ತಾನೇ ಎದ್ದು ಸೀಟು ಬಿಡುತ್ತಿದ್ದ. ಗೌರವದಿಂದಲ್ಲ, ಹುಳುಗಳ ಭಯದಿಂದ.

ಟ್ರೇಗಳು ಮೂರು. ಒಂದರಲ್ಲಿ ಹುಲ್ಲು, ಇನ್ನೊಂದರಲ್ಲಿ ಒಣಎಲೆಯ ಹೊದಿಕೆ, ಮೂರನೆಯದು ಬರೀ ಬೋಳು ಮಣ್ಣು. ಮೂರನ್ನೂ ಇಳಿಜಾರಾಗಿಟ್ಟು, ಕೆಳಗೊಂದೊಂದು ಗಾಜಿನ ಲೋಟವಿಟ್ಟು ನೀರು ಸುರಿದರೆ ಮೊದಲೆರಡರಿಂದ ತಿಳಿನೀರು, ಬೋಳಿನಿಂದ ಮಾತ್ರ ರಾಡಿ. ಆ ರಾಡಿಯ ಲೋಟವನ್ನು ಅವಳು ಎತ್ತಿ ತೋರಿಸುವ ಗಳಿಗೆಯೇ ಇಡೀ ಶಿಬಿರದ ಪ್ರಾಣ. ಆದ್ದರಿಂದಲೇ, ಲೋಕಕ್ಕೆಲ್ಲ ಹಸಿರು ಬೆಳೆಸಿರೆಂದು ಹೇಳುವ ಈ ಮಹಾತಾಯಿ, ಮನೆಯಲ್ಲಿ ಬೆಳಗೆದ್ದು ಚಿಮುಟ ಹಿಡಿದು ಬೋಳು ಟ್ರೇಯಲ್ಲಿ ಕಣ್ಣುಬಿಟ್ಟ ಒಂದೊಂದು ಚಿಗುರನ್ನೂ ಕಿತ್ತೆಸೆಯಬೇಕಾಗಿತ್ತು. ಮಾವನಿಗೆ ಅದು ಕಣ್ಣುರಿ.

"ಖಾಲಿ ಮಣ್ಣು ಕಂಡ್ರೆ ನನ್ನ ಕೈ ಸುಮ್ನಿರಲ್ಲಮ್ಮ."

"ಸುಮ್ನಿರ್ಬೇಕು ಮಾವ. ಅದು ಪಾಠದ ಮಣ್ಣು. ಗೊತ್ತಾಯ್ತಾ, ಇಲ್ವಾ?"

"ಗೊತ್ತಾಯ್ತು" ಎಂದರು ಮಾವ. ಗೊತ್ತಾದದ್ದು ಕಿವಿಗೆ, ಕೈಗಲ್ಲ.

ಅವಳು ತರಬೇತಿಗೆಂದು ಒಂದು ವಾರ ಪರವೂರಿಗೆ ಹೋಗಿ, ಮರಳಿದ ದಿನವೇ ತಮ್ಮ ಬೀದಿಯಲ್ಲೇ ಶಿಬಿರ. ಅಂಥಿಂಥ ಶಿಬಿರವಲ್ಲ. ಕಚೇರಿಗೆ ಹೊಸದಾಗಿ ಬಂದ ಸಾಹೇಬರು ಕಣ್ಣಾರೆ ನೋಡಿ, ಇಂಥವನ್ನು ಮುಂದುವರಿಸುವುದೋ, ಇಲ್ಲಿಗೇ ಬಾಗಿಲು ಹಾಕುವುದೋ ಎಂದು ತೀರ್ಮಾನಿಸಲಿದ್ದರು. ಮಾವ ಟ್ರೇಗಳಿಗೆ ಬಟ್ಟೆ ಸುತ್ತಿ, ಗೂಡೆ ಕಟ್ಟಿ ಸಿದ್ಧವಾಗಿಟ್ಟಿದ್ದರು. ತಾವೂ ಇಸ್ತ್ರಿಯ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮಣ್ಣಕ್ಕ ಮೂರನೆಯ ಟ್ರೇಯ ಬಟ್ಟೆ ಸರಿಸಿದಳು. ಒತ್ತೊತ್ತಾಗಿ, ಕಂಬಳಿ ಹಾಸಿದಂತೆ, ಸಾಸಿವೆ ಸಸಿ!

"ಹೇಗಿದೆ ನೋಡಮ್ಮ ಬೆಳೆ!" ಎಂದು ಮಾವ ಕೂತಲ್ಲಿಂದಲೇ ಬೀಗಿದರು.

ಅವಳು ಮಾವನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಆದದ್ದಾಗಲೆಂದು ನೀರು ಸುರಿದಳು. ಮೂರು ಲೋಟದಲ್ಲೂ ಅಕ್ಕತಂಗಿಯರಂಥ ತಿಳಿನೀರು. ಸಾಹೇಬರು ಗಡಿಯಾರ ನೋಡಿಕೊಂಡರು. ಬೇರೆ ದಾರಿ ಕಾಣದೆ ಅವಳು ಕೋಟಿನ ತೋಳು ಮೇಲೇರಿಸಿ, ಕಣ್ಣು ಮುಚ್ಚಿ, ಸಸಿಗಳಿಗೆ ಕೈಹಾಕಿ ಒಂದು ಹಿಡಿ ಕಿತ್ತಳು.

"ಅಯ್ಯಯ್ಯೋ, ಕೀಳ್ಬೇಡಕ್ಕಾ!" ಯಾವ ಶಿಬಿರವನ್ನೂ ತಪ್ಪಿಸದ ಟೈಲರ್ ಆಂಟಿ ಸಭೆಯಿಂದ ಚೀರಿದಳು. "ಬೇರು ಹೋದ್ರೆ ಮಣ್ಣು ನಿಲ್ಲುತ್ತಾ?"

"ಮೊದಲ ಮಳೆಗೇ ಕೊಚ್ಕೊಂಡು ಹೋಗುತ್ತೆ" ಎಂದ ಪಕ್ಕದಲ್ಲಿ ಕೂತಿದ್ದ ಬೇಕರಿಯವನು, ಮಣ್ಣಕ್ಕನದೇ ರಾಗದಲ್ಲಿ. "ಗೊತ್ತಾಯ್ತಾ, ಇಲ್ವಾ?"

ಸಭೆ ಗೊಳ್ಳೆಂದಿತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಭೇಷ್! ಜನಕ್ಕೆ ಎಲ್ಲಾ ಗೊತ್ತಾಗಿದೆ. ಹಾಗಾದ್ರೆ ಇನ್ನು ಶಿಬಿರ ಯಾಕಮ್ಮ? ನಿಲ್ಲಿಸೋಣ."

ನಗು ಥಟ್ಟನೆ ನಿಂತಿತು. ಕೈಯಲ್ಲಿ ಸಾಸಿವೆ ಸಸಿ ಹಿಡಿದು, ಗೆದ್ದೆನೋ ಸೋತೆನೋ ತಿಳಿಯದೆ ಮಣ್ಣಕ್ಕ ಒಮ್ಮೆ ಸಾಹೇಬರನ್ನೂ ಒಮ್ಮೆ ಟ್ರೇಯನ್ನೂ ನೋಡಿದಳು. ಆಗ ಹಿಂದಿನ ಸಾಲಿನಿಂದ ಅಜ್ಜಿಯೊಬ್ಬಳ ದನಿ ಬಂತು:

"ಸಾರ್, ನಂಗೆ ಗೊತ್ತಾಗಿಲ್ಲ."

"ನಂಗೂ" ಎಂದಳು ಟೈಲರ್ ಆಂಟಿ.

"ಬೇರು ಅಂದ್ರೆ ಏನು ಸಾರ್?" ಬೇಕರಿಯವನು ಕೇಳಿದ.

"ಈಗಷ್ಟೇ ಹೇಳಿದ್ರಲ್ರೀ!"

"ಬಾಯಿಪಾಠ ಸಾರ್. ಅರ್ಥ ಕೇಳ್ಬೇಡಿ."

"ಮಣ್ಣು ಅಂದ್ರೇನೇ ನಮ್ಗೆ ಗೊತ್ತಿಲ್ಲ!" ಎಂದು ಮಾವ, ಉಗುರುಸಂದಿಯ ಕಪ್ಪನ್ನು ಅಂಗಿಗೆ ಒರೆಸಿಕೊಳ್ಳುತ್ತ, ಎಲ್ಲರಿಗಿಂತ ಗಟ್ಟಿಯಾಗಿ ಸಾರಿದರು.

ಸಾಹೇಬರು ಒಂದೊಂದೇ ಮುಖವನ್ನು ನೋಡುತ್ತ ಹೋದರು. ಕೊನೆಗೆ ತುಟಿ ಕಚ್ಚಿ ನಗು ತಡೆದು, "ಇಷ್ಟು ದಡ್ಡರಿರೋ ಕಡೆ ನಿಲ್ಲಿಸಿದ್ರೆ ತಪ್ಪಾಗುತ್ತೆ. ನಡೀಲಿ" ಎಂದು ಹೇಳಿ ಕಾರು ಹತ್ತಿದರು.

ಜನ ನಿಟ್ಟುಸಿರುಬಿಟ್ಟು ಏಳಹೊರಟರು. ಆದರೆ ಮಣ್ಣಕ್ಕನ ಕಣ್ಣು ತುಂಬಿತ್ತು. "ಇಷ್ಟು ವರ್ಷ ಹೇಳಿದ್ರೂ ನಿಮ್ಗೆ ಬೇರು ಅಂದ್ರೆ ಗೊತ್ತಾಗ್ಲಿಲ್ವಾ? ತಪ್ಪು ನಂದೇ. ಕೂತ್ಕೊಳ್ಳಿ, ಮೊದಲಿಂದ ಹೇಳ್ತೀನಿ."

ಬೇಕರಿಯವನು ತೆರೆದಿಟ್ಟು ಬಂದ ಅಂಗಡಿಯನ್ನು ನೆನೆದು ಹೊರಡಹೋದ, ಟೈಲರ್ ಆಂಟಿ ಅವನ ಕಾಲು ತುಳಿದಳು, ಎಲ್ಲರೂ ಮತ್ತೆ ಕೂತರು.

ಹೇಳಿಕೊಡುವ ಹುಚ್ಚಿನವರ ಜಾತಿಯೇ ಹೀಗೆ. ಎದುರಿಗಿರುವವರಿಗೆ ಪಾಠ ಹತ್ತಿತೋ ಇಲ್ಲವೋ ಎಂಬುದೊಂದೇ ಚಿಂತೆಯಲ್ಲಿ, ಆ ಎದುರಿಗಿರುವವರು ತಮ್ಮನ್ನು ಎಷ್ಟು ಹಚ್ಚಿಕೊಂಡಿದ್ದಾರೆಂಬುದು ಅವರ ಗಮನಕ್ಕೇ ಬರುವುದಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಲು ಹೋಗಬಾರದು. ಗೊತ್ತಿರುವ ಪಾಠವನ್ನೇ ಇನ್ನೊಂದು ಸಲ ಕೂತು ಕೇಳಿದರೆ ಸಾಕು.