ಖಾಲಿ ಪುಟದ ಸೊನ್ನೆ

ಹತ್ತು ಗಂಟೆಗೆ ಪಂಪುಗಳನ್ನು ಹೊಸ ಯಂತ್ರಕ್ಕೆ ಒಪ್ಪಿಸುವುದೆಂದು ನಿಶ್ಚಯವಾಗಿತ್ತು. ಒಂಬತ್ತೂ ಇಪ್ಪತ್ತಕ್ಕೆ ಜುಬೈದಾಳಿಗೆ, ಅದರ ಗಡಿಯಾರವನ್ನು ಒಂದು ದಿನ ಮುಂದೆ ತಳ್ಳಿ ನೋಡೋಣ ಅನ್ನಿಸಿತು. ಬೀಗ ಹಾಕಿ ಮೆಟ್ಟಿಲಿಳಿದ ಮೇಲೂ ಮತ್ತೆ ಹತ್ತಿ ಎಳೆದು ನೋಡುವ ಜಾತಿಯವಳು ಅವಳು.

ಐನ್ ಹಮ್ರೂನ್ ನೀರೆತ್ತುವ ಕೇಂದ್ರದ ಏಳು ಪಂಪುಗಳನ್ನು ಮೂವತ್ತೆಂಟು ವರ್ಷ ಆಡಿಸಿದ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿತ್ತು. ಅದರ ಬಿಡಿಭಾಗ ಹತ್ತಿರದ ಗಾಬೆಸ್‌ನಲ್ಲಿರಲಿ, ರಾಜಧಾನಿ ಟ್ಯೂನಿಸ್‌ನಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ಜುಬೈದಾ ಒಂದು ಎಮ್ಯುಲೇಟರ್ ಬರೆದಿದ್ದಳು. ಅಂಗೈಯಗಲದ ಹೊಸ ಕಂಪ್ಯೂಟರ್ ತಾನೇ ಆ ಹಳೆಯದೆಂದು ನಟಿಸಬೇಕು. ಹಳೆಯ ಪ್ರೋಗ್ರಾಂಗೆ ಮನೆ ಬದಲಾದದ್ದೇ ತಿಳಿಯಬಾರದು. ತೊಡಕು ಒಂದೇ. ಹಳೆಯದರ ಮೆಮೊರಿ ಇಲ್ಲೊಂದಿಷ್ಟು, ನಡುವೆ ಏನೂ ಇಲ್ಲದೆ ಬಲು ದೂರದಲ್ಲಿ ಇನ್ನೊಂದಿಷ್ಟು ಎಂಬಂತೆ ಚದುರಿಕೊಂಡಿತ್ತು. ಅಷ್ಟಗಲಕ್ಕೂ ಜಾಗ ಕೊಡುವ ತ್ರಾಣ ಚಿಕ್ಕ ಯಂತ್ರಕ್ಕಿರಲಿಲ್ಲ. ಅವಳು ಮೆಮೊರಿಯನ್ನು ಪುಟಪುಟವಾಗಿ ವಿಂಗಡಿಸಿ, ವಿಷಯವಿದ್ದ ಪುಟಕ್ಕೆ ಮಾತ್ರ ಜಾಗ ಕೊಟ್ಟಳು. ಉದ್ದಕ್ಕೂ ಒಂದೇ ಸಂಖ್ಯೆ ತುಂಬಿದ ಪುಟಗಳನ್ನು ಖಾಲಿಯೆಂದು ಬಗೆದು ಬಿಟ್ಟಳು. ಬಿಟ್ಟ ಪುಟವನ್ನು ಪ್ರೋಗ್ರಾಂ ಓದಲು ಬಂದರೆ ಸೊನ್ನೆ ಕೊಟ್ಟರಾಯಿತು.

ನಾಲ್ಕು ಸಾವಿರ ಮೆಗಾಬೈಟ್ ಕೇಳುವ ಕಡೆ ಆರರಲ್ಲಿ ಮುಗಿದಿತ್ತು. ಮೂರು ದಿನ ಎರಡೂ ಯಂತ್ರಗಳು ಅಕ್ಕಪಕ್ಕ ಓಡಿ, ಒಂದೇ ಒಂದು ಅಪ್ಪಣೆಯಲ್ಲೂ ವ್ಯತ್ಯಾಸ ಬಂದಿರಲಿಲ್ಲ.

ಅವಳು ಮೇ ಮೂವತ್ತೊಂದನ್ನು ಜೂನ್ ಒಂದು ಮಾಡಿದಳು. ಪರದೆಯ ಮೇಲೆ ಮೊದಲ ಪಂಪು ನಿಂತಿತು. ಎರಡನೆಯದು ನಿಂತಿತು. ಅವಳು ಕುರ್ಚಿ ಹಿಂದೆ ಸರಿಸುವಷ್ಟರಲ್ಲಿ ಏಳೂ ನಿಂತಿದ್ದವು.

"ಏನವ್ವಾ, ದೆವ್ವ ಕಂಡೋಳ ಹಾಗೆ ಕೂತಿದೀಯಾ?" ಎಂದ, ಪುದೀನ ಚಹಾ ಹಿಡಿದು ಬಂದ ಮುದಿ ಆಪರೇಟರ್ ತುಹಾಮಿ.

"ಕಾಕಾ, ಏಳೂ ನಿಂತೋದ್ವು."

ಮುದುಕ ಕಿಟಕಿಯತ್ತ ಧಾವಿಸಿದ. ಹೊರಗೆ ಪಂಪುಗಳು ಎಂದಿನಂತೆ ಗುಂಯ್ಗುಡುತ್ತಿದ್ದವು. "ನನ್ನ ಎದೆ ನಿಲ್ಲಿಸ್ಬಿಟ್ಟೆ ಹುಡುಗಿ! ಓಡ್ತಾನೇ ಇವೆಯಲ್ಲ!"

"ಇದರೊಳಗೆ. ನಾಳೆ."

ಅವನು ಪರದೆಗೆ ಮೂಗು ತಾಗಿಸಿ ನೋಡಿದ. "ಪಂಪುಗಳ ತಿಂಗಳ ಪಟ್ಟಿಯಲ್ಲಿ ಜೂನ್ ಪುಟಕ್ಕೆ ನಾವೇನೂ ಬರೆದಿಲ್ಲ. ಖಾಲಿ ಇದ್ರೆ ಹಿಂದಿನ ತಿಂಗಳಿನ ಹಾಗೇ ಓಡ್ಬೇಕು."

"ಖಾಲಿ ಅಂದ್ರೆ ಸೊನ್ನೆ ಅಲ್ವಾ?"

"ಯಾರು ಹೇಳಿದ್ದು? ಸೊನ್ನೆ ಅಂದ್ರೆ 'ನಿಲ್ಲು' ಅಂತ ಅಪ್ಪಣೆ!"

ಅವನು ಬೀರುವಿನಿಂದ ಹಳೆಯ ಯಂತ್ರದ ಮೆಮೊರಿಯಲ್ಲಿರುವಂಥದ್ದೇ ಬಳಸದ ಚಿಪ್ಪೊಂದನ್ನು ತೆಗೆದು, ಚಿಪ್ಪು ಓದುವ ಹಳೆಯ ಪೆಟ್ಟಿಗೆಗೆ ಸಿಕ್ಕಿಸಿದ. ಎಂಟು ದೀಪಗಳೂ ಒಟ್ಟಿಗೆ ಹೊತ್ತಿಕೊಂಡವು. "ನೋಡು, ಒಂದಕ್ಷರ ಬರೆದಿಲ್ಲ. ಈ ಚಿಪ್ಪಲ್ಲಿ ಖಾಲಿ ಅಂದ್ರೆ ಎಂಟೂ ಹೊತ್ತಿರುತ್ತೆ. ಇನ್ನೂರ ಐವತ್ತೈದು."

ಜುಬೈದಾ ತಾನು ಬರೆದ ಸಾಲನ್ನು ತೆರೆದು ನೋಡಿದಳು. ಒಂದೇ ಸಂಖ್ಯೆ ಎಂದಷ್ಟೇ ನೋಡಿ ಎಸೆದಿದ್ದಳು. ಯಾವ ಸಂಖ್ಯೆ ಎಂದು ನೋಡಿರಲೇ ಇಲ್ಲ. ಮರಳುಗಾಳಿಯ ಈ ಸೆಕೆಯಲ್ಲಿ, ನಾಳೆ ಬೆಳಗ್ಗೆ, ಇಡೀ ಊರಿನ ನಲ್ಲಿಗಳು!

ಟೈ ಬಿಗಿಯುತ್ತ ಇಂಜಿನಿಯರ್ ಲಸ್ಸಾದ್ ಒಳಬಂದ. "ಟ್ಯೂನಿಸ್‌ನ ಅಧಿಕಾರಿಗಳು ಬಂದು ಕಾಫಿ ಕುಡೀತಿದಾರೆ. ಯಂತ್ರ ಸಿದ್ಧ ಅನ್ನೋ ಈ ಹಾಳೆಗೆ ಬೇಗ ಸಹಿ ಹಾಕು."

ಅವಳು ನಡೆದದ್ದನ್ನು ಹೇಳಿದಳು. ಅವನು ಟೈ ಬಿಟ್ಟು ಪರದೆಗೆ ಬಗ್ಗಿದ. "ಎಷ್ಟು ಸಾಲು ತಿದ್ಬೇಕು?"

"ಒಂದೇ."

"ಮತ್ತೆ ತಿದ್ದಮ್ಮಾ, ಯಾಕೆ ಸಾಯಿಸ್ತೀಯ? ಸೊನ್ನೆ ಇರೋ ಕಡೆ ಆ ಇನ್ನೂರ ಐವತ್ತೈದು ಹಾಕು!"

ಹಾಕಿದಳು. ಜೂನ್ ಒಂದು ಬಂತು, ಏಳೂ ಓಡಿದವು. ಲಸ್ಸಾದ್ ಹಣೆ ಒರೆಸಿಕೊಂಡ. "ದೇವರು ದೊಡ್ಡವನು. ತಗೋ ಪೆನ್ನು."

ಅವಳು ಪೆನ್ನು ಹಿಡಿದು ಹಾಗೇ ಕೂತಳು. "ಬಿಟ್ಟ ಪುಟಗಳನ್ನ ಒಂದ್ಸಲ ನೋಡ್ಬಿಡ್ತೀನಿ, ಸಾರ್."

"ಸಂಜೆ ಕಾಲೇಜಿನ ಬುದ್ಧಿ! ಹಗಲು ಓದಿದೋರು ಒಂದೇ ಸಲಕ್ಕೆ ಸಹಿ ಹಾಕ್ತಾರೆ."

"ನನಗೆ ಒಂದ್ಸಲ ಸಾಲಲ್ಲ ಸಾರ್, ಏನ್ಮಾಡ್ಲಿ."

ಮೂಲ ಚಿಪ್ಪಿನಿಂದ ಬಿಟ್ಟ ಆರುನೂರ ಹನ್ನೊಂದು ಪುಟಗಳ ಪಟ್ಟಿ, ತುಂಬಿದ್ದ ಸಂಖ್ಯೆಯ ಸಮೇತ, ಪರದೆಯ ಮೇಲೆ ಉರುಳಿತು. 255. 255. 255. ಕೊನೆಗೆ ಹತ್ತಿರವಾದಾಗ ಒಂದು ಕಡೆ 1 ಎಂದಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಒಂದೇ.

"ಕಾಕಾ, ಇದು ಯಾವ ಪುಟ?"

ತುಹಾಮಿ ಕನ್ನಡಕ ಹಾಕಿಕೊಂಡು ವಿಳಾಸವನ್ನು ಹಳೆಯ ಕೈಪಿಡಿಯಲ್ಲಿ ಹುಡುಕಿದ. ಅವನ ಬೆರಳು ಒಂದು ಸಾಲಿನ ಮೇಲೆ ನಿಂತೇಬಿಟ್ಟಿತು. "ಆಸ್ಪತ್ರೆಗೆ ನೀರು ಬಿಡೋ ಗೇಟು. ನೀರಿನ ಒತ್ತಡ ಬಿದ್ದಾಗ ಮಾತ್ರ ಓದೋದು. ಒಂದು ಅಂದ್ರೆ, ಏನೇ ಆದ್ರೂ ತೆರೆದೇ ಇರು ಅಂತ. ವರ್ಷವಿಡೀ ಅದೇ."

"ಅಲ್ಲಿ ಇನ್ನೂರ ಐವತ್ತೈದು ಸಿಕ್ಕಿದ್ರೆ?"

"ಅಪ್ಪಣೆ ಇಲ್ಲ ಅಂತ. ಅಪ್ಪಣೆ ಇಲ್ಲದ ಗೇಟು ಮುಚ್ಕೊಳ್ಳುತ್ತೆ, ಮಗಳೇ."

ಲಸ್ಸಾದ್ ತಾನು ತಂದ ಹಾಳೆಯನ್ನೇ ಹಾವು ನೋಡುವಂತೆ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ.

"ಅವರಿಗೇನು ಹೇಳ್ಲಿ?"

"ಸಿದ್ಧವಾಗಿಲ್ಲ ಅಂತ. ತಪ್ಪು ನನ್ನದು ಅಂತಾನೇ ಹೇಳಿ."

ಅವನು ಹಾಳೆ ಮಡಚಿಕೊಂಡು ಹೊರಗೆ ಹೋದ. ಜುಬೈದಾ ಚಿಪ್ಪನ್ನು ಮೊದಲಿನಿಂದ ಮತ್ತೆ ನಕಲು ಮಾಡಲು ಕೂತಳು. ಈ ಸಲ ಬಿಡುವ ಪ್ರತಿ ಪುಟಕ್ಕೂ ಅದರಲ್ಲಿ ತುಂಬಿದ್ದ ಸಂಖ್ಯೆಯೊಂದನ್ನು ಜತೆಗಿಟ್ಟರೆ ಸಾಕು. ಅದಕ್ಕೆ ಹೆಚ್ಚು ಜಾಗವೇನೂ ಬೇಡ. ಇಷ್ಟು ಸುಲಭದ್ದನ್ನು ಮೊದಲೇ ಮಾಡಿರಲಿಲ್ಲ. ಮೊದಲು ಪರೀಕ್ಷಿಸಲೆಂದು ಆಸ್ಪತ್ರೆ ಗೇಟಿನ ಪುಟದ ವಿಳಾಸವನ್ನು ಎರಡು ಸಲ ತಪ್ಪಾಗಿ ಒತ್ತಿದಳು. ಮೂರನೆಯ ಸಲ ತುಹಾಮಿ ಒಂದೊಂದೇ ಅಂಕಿ ಓದಿ ಹೇಳಿದ, ಅವಳು ಒತ್ತಿದಳು.