ಶನಿವಾರಕ್ಕೊಂದು ಹೊಸ ಬಾಗಿಲು

ಚಾಕು-ಕತ್ತರಿ ಮಾರುವ ಅಂಗಡಿಯಲ್ಲಿ ಹನ್ನೊಂದು ವರ್ಷ ಸಾಣೆ ಹಿಡಿದವಳು, ಅಂಗಡಿ ಮುಚ್ಚಿದ ಮೇಲೆ ಅಲ್ಲಿಯ ಸಾಣೆಚಕ್ರವನ್ನೇ ಕೊಂಡು, ತಳ್ಳುಗಾಡಿಗೆ ಬಿಗಿದು ಬೀದಿಗಿಳಿದಳು. ಕೈಯೇನೋ ಪಳಗಿತ್ತು. ಆದರೆ ಒಂದು ದಿನ ಉಸಿರಾಡಲು ಬಿಡುವಿಲ್ಲ, ಮುಂದಿನ ನಾಲ್ಕು ದಿನ ನೊಣ ಹೊಡೆಯುವುದೇ ಕೆಲಸ.

ಮೂರನೇ ತಿಂಗಳಲ್ಲಿ ಮುದುಕ ದರ್ಜಿಯೊಬ್ಬ ಅವಳ ಕಣ್ಣು ತೆರೆಸಿದ. ಅವನ ಕತ್ತರಿಯನ್ನು ಇನ್ಯಾರೋ ಸಾಣೆ ಹಿಡಿದು ಕೆಡಿಸಿಟ್ಟಿದ್ದರು, ಬಟ್ಟೆಯನ್ನು ಅಗಿಯುತ್ತಿತ್ತು.

"ನನಗೇ ಕೊಡಬಾರದಿತ್ತಾ?" ಎಂದಳು.

"ಯಾವತ್ತು ಬರ್ತೀಯ ಅಂತ ನಿನಗೇ ಗೊತ್ತಿಲ್ಲ. ನನಗೆ ಹೇಗಮ್ಮ ಗೊತ್ತಾಗ್ಬೇಕು?"

ಅಂದಿನಿಂದ ಸೋಮವಾರ ದರ್ಜಿಗಳ ಬೀದಿ, ಮಂಗಳವಾರ ಮಾರುಕಟ್ಟೆ, ಬುಧವಾರ ಕ್ಷೌರದಂಗಡಿಗಳ ಸಾಲು, ಗುರುವಾರ ಹೋಟೆಲುಗಳ ಹಿಂಬಾಗಿಲು. ಮಳೆ ಬಂದರೂ ತಪ್ಪಿಸಲಿಲ್ಲ. ಮೊದಲ ಮೂರು ಬುಧವಾರ ಸೇರಿ ಸಿಕ್ಕಿದ್ದು ಒಂದೇ ಕತ್ತರಿ. ಐದನೆಯ ಬುಧವಾರ ಅವಳು ಬರುವ ಮೊದಲೇ ಏಳು ಕತ್ತರಿಗಳು ಕಟ್ಟೆಯ ಮೇಲೆ ಕಾದಿದ್ದವು.

ವರ್ಷ ತುಂಬುವಷ್ಟರಲ್ಲಿ ದೊಡ್ಡ ಹೋಟೆಲೊಂದರ ಮ್ಯಾನೇಜರ್ ಕರೆಸಿದ. ಅವರ ಮೂರು ಹೋಟೆಲುಗಳ ಕೆಲಸವೂ ಅವಳಿಗೇ, ಆದರೆ ವಾರವಿಡೀ ಅವರಿಗೇ ಮೀಸಲಾಗಿರಬೇಕು.

"ಶುಕ್ರವಾರ ಖಾಲಿಯಿದೆ ಸಾರ್. ಅದನ್ನ ನಿಮಗೇ ಕೊಡ್ತೀನಿ."

ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು, ಹೋಗು ಎಂದ.

ಸುದ್ದಿ ಕೇಳಿ ಅವಳ ಅಕ್ಕನ ಗಂಡ ಹಣೆ ಚಚ್ಚಿಕೊಂಡ. "ಮನೆಬಾಗಿಲಿಗೆ ಬಂದ ಭಾಗ್ಯವನ್ನ ಕಾಲಲ್ಲಿ ಒದ್ದೆಯಲ್ಲಮ್ಮ."

"ಒಂದೇ ಗೂಟಕ್ಕೆ ಕಟ್ಟಿಸ್ಕೊಂಡ್ರೆ ಅವರು ಬಿಚ್ಚಿದ ದಿನ ಎಲ್ಲಿಗೆ ಹೋಗ್ಲಿ ಭಾವ? ಹನಿ ಹನಿ ಕೂಡಿದ್ರೂ ಹಳ್ಳವೇ."

ಭಾವ ಮತ್ತೆ ಬಾಯಿ ತೆರೆದ. ಅಕ್ಕ ಅವನ ಕೈಗೆ ಚಹಾದ ಲೋಟ ಕೊಟ್ಟು ಬಾಯಿ ಮುಚ್ಚಿಸಿದಳು.

ಹದಿನೈದು ದಿನದಲ್ಲಿ ಹೋಟೆಲಿನ ಮುಖ್ಯ ಅಡುಗೆಯವನೇ ಹುಡುಕಿಕೊಂಡು ಬಂದ. ಮ್ಯಾನೇಜರ್ ನೇಮಿಸಿದ್ದ ಹೊಸಬ ಚಾಕುಗಳ ಬಾಯನ್ನು ಸಾಣೆಗೆ ಒತ್ತಿ ಹಿಡಿದು ನೀಲಿಗಟ್ಟುವಂತೆ ಸುಟ್ಟಿದ್ದನಂತೆ. "ಶುಕ್ರವಾರವೇ ಆಗ್ಲಿ ತಾಯಿ, ಬಂದ್ಬಿಡಿ," ಎಂದ.

ಉಳಿದದ್ದು ಶನಿವಾರ. ಅದನ್ನು ಅವಳು ಯಾರಿಗೂ ಕೊಡಲಿಲ್ಲ. ಪ್ರತಿ ಶನಿವಾರ ತಾನು ಇದುವರೆಗೆ ಮೆಟ್ಟದ ಅಂಗಡಿಯೊಂದರ ಬಾಗಿಲು ತಟ್ಟುತ್ತಿದ್ದಳು. ಒಂದೇ ಒಂದು, ಎರಡನೆಯದಕ್ಕೆ ಆಸೆಪಡುತ್ತಿರಲಿಲ್ಲ. ಕೆಲವು ತೆರೆಯಲಿಲ್ಲ, ಹೆಚ್ಚಿನವು ತೆರೆದವು.

ಈ ಸಲ ಬೂಟು ಹೊಲಿಯುವವನ ಅಂಗಡಿ. ಅವನು ಅನುಮಾನದಿಂದಲೇ ತೊಗಲು ಕತ್ತರಿಸುವ ಒಂದು ಮೊಂಡು ಉಳಿ ಕೊಟ್ಟ. ಅವಳು ಸಾಣೆ ಹಿಡಿದುಕೊಟ್ಟ ಮೇಲೆ ತೊಗಲಿನ ತುಂಡಿನ ಮೇಲೆ ಎಳೆದು ನೋಡಿದ. ಒಳಗೆ ಹೋಗಿ, ಡಬ್ಬಿ ತುಂಬ ಉಳಿಗಳನ್ನು ತಂದು ಅವಳ ಮುಂದಿಟ್ಟ.