ಅಮ್ಮನ ಬೀರು ನಿಂತ ತೊಲೆ

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆಯನ್ನು ಆ ಮನೆಯ ಬಡಗಿಗಳಿಬ್ಬರೂ ಶ್ರದ್ಧೆಯಿಂದ ಪಾಲಿಸಿದರು. ಮರದ ನೆಲದ ಮಹಡಿಯನ್ನು ಪಾಲು ಮಾಡಿಕೊಂಡು ನಡುವೆ ಹಲಗೆಯ ಗೋಡೆ ಎಬ್ಬಿಸಿದರು. ಆದರೂ ತಮ್ಮನ ಹೆಂಡತಿ ಆಚೆ ನಡೆದಾಗ ಈಚೆ ಅಣ್ಣನ ನೀರಿನ ಲೋಟ ನಡುಗುತ್ತಿತ್ತು. ನೆಲದಡಿಯ ತೊಲೆಗಳನ್ನು ಒಂದಕ್ಕೊಂದು ಜೋಡಿಸಿದ ಅಡ್ಡತುಂಡುಗಳ ಮೇಲೆ ಅವಳ ಹೆಜ್ಜೆ ದಾಟಿ ಬರುತ್ತಿದೆ ಎಂದು ಅಣ್ಣ ಕಂಡುಹಿಡಿದ. ಕಸುಬುದಾರನಲ್ಲವೇ. ಗೋಡೆಯ ಉದ್ದಕ್ಕೂ ನೆಲ ಸೀಳಿ, ತನ್ನ ಕೊನೆಯ ತೊಲೆಗೂ ತಮ್ಮನ ಮೊದಲ ತೊಲೆಗೂ ನಡುವೆ ಇದ್ದ ತುಂಡುಗಳನ್ನೆಲ್ಲ ಕೈಯಾರೆ ಗರಗಸ ಹಾಕಿ ತೆಗೆದ. ಲೋಟ ನಿಂತಿತು. ಇಬ್ಬರ ನಡುವೆ ಉಳಿದಿದ್ದ ಮಾತೂ ನಿಂತಿತು.

ಮಗಳ ಮನೆಯಲ್ಲಿದ್ದ ಅಮ್ಮ ವಾಪಸು ಬರುತ್ತೇನೆ ಅಂದಾಗ, ಹಿರಿಮಗ ನಾನಿರುವಾಗ ಇನ್ನೆಲ್ಲಿ ಎಂದು ಅಣ್ಣ ಓಣಿಗೆಲ್ಲ ಕೇಳುವಂತೆ ಹೇಳಿದ. ಅಮ್ಮ ಬಂದಳು. ಹಿಂದೆಯೇ ಕಬ್ಬಿಣದ ಬೀರು ಬಂತು. ಅದರ ತುಂಬ ಅಪ್ಪನ ಉಳಿ, ಸುತ್ತಿಗೆ, ಕೀಸುಳಿ. ಬೀರು ಹಿಡಿಸುವ ಜಾಗ ಇದ್ದದ್ದು ಒಂದೇ ಕಡೆ, ಹಲಗೆ ಗೋಡೆಯ ಪಕ್ಕ, ಆ ಕೊನೆಯ ತೊಲೆಯ ಮೇಲೆ.

ವಾರ ಕಳೆಯುವುದರೊಳಗೆ ಬೀರಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳತೊಡಗಿತು. ಅಮ್ಮ ಮುಚ್ಚುತ್ತಿದ್ದಳು, ಅದು ತೆರೆಯುತ್ತಿತ್ತು. ಅಣ್ಣ ಕೆಳಗಿಳಿದು ನೋಡಿದ. ತೊಲೆ ಎರಡು ಬೆರಳು ಬಗ್ಗಿತ್ತು. ತಮ್ಮನ ತೊಲೆ ಮೊಳದಾಚೆ ನೆಟ್ಟಗೆ ನಿಂತಿತ್ತು, ತನಗೇನೂ ಸಂಬಂಧವಿಲ್ಲ ಎಂಬಂತೆ. ಕಂಬ ಕೊಡೋಣವೆಂದರೆ ಕೆಳಗೆ ಸರಿಯಾಗಿ ಬೀದಿ ಬಾಗಿಲು.

"ಅಮ್ಮಾ, ಬೀರು ಸ್ವಲ್ಪ ಖಾಲಿ ಮಾಡೋಣ. ನಮ್ಮಿಬ್ಬರಿಗೂ ಹಂಚಿಬಿಡು."

"ಹಂಚಿದ್ರೆ ಅದಕ್ಕೂ ಗರಗಸ ಹಾಕ್ತೀರಿ. ಬೀರು ಇಳಿದ್ರೆ ನಾನೂ ಇಳಿತೀನಿ. ಮಗಳ ಮನೇಲಿ ನೆಲ ಸಿಮೆಂಟಿಂದು."

ಅಣ್ಣನಿಗೆ ಓಣಿಯವರು ಏನಂದಾರು ಎಂಬುದು ಒಂದು ಕಡೆ. ಅಮ್ಮ ಇರಬೇಕು ಎಂಬುದು ಅದಕ್ಕಿಂತ ದೊಡ್ಡದು. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದ. ಮೂರನೆಯ ದಿನ ತಮ್ಮನ ಬಾಗಿಲು ತಟ್ಟಿದ.

"ತೊಲೆ ಬಗ್ತಿದೆ."

"ಬಗ್ಗದೆ ಇನ್ನೇನು ಮಾಡುತ್ತೆ? ಒಂಟಿ ಮಾಡಿದ್ದು ನೀನೇ."

"ಅಡ್ಡತುಂಡು ಮತ್ತೆ ಹಾಕ್ಬೇಕು. ಒಂದು ತುದಿ ನಿನ್ನ ತೊಲೆಗೆ ಬರುತ್ತೆ."

ತಮ್ಮ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದ. "ಆ ಬೀರಿನ ಭಾರ ನನ್ನ ಪಾಲಿಗೂ ಬರುತ್ತಲ್ಲ."

"ಬರುತ್ತೆ."

"ಬರ್ಲಿ. ಮೊದಲು ಜಾಕ್ ಕೊಟ್ಟು ತೊಲೆ ಎತ್ತು. ಹಳೇ ತುಂಡು ಬೇಡ, ಗಿಡ್ಡ ಆಗಿರುತ್ತೆ. ಹೊಸದು ಬಿಗಿಯಾಗಿ ಕೂರ್ಬೇಕು. ಸಡಿಲ ತುಂಡು ಕಿರುಗುಟ್ಟುತ್ತೆ, ಭಾರ ಹೊರಲ್ಲ."

ಅದು ಅಪ್ಪ ಹೇಳುತ್ತಿದ್ದ ಮಾತು. ಇಬ್ಬರಿಗೂ ಗೊತ್ತಿತ್ತು. ಅಣ್ಣ ಈ ತುದಿಗೆ ಮೊಳೆ ಹೊಡೆದ, ತಮ್ಮ ಆ ತುದಿಗೆ. ಸುತ್ತಿಗೆ ಮಾತ್ರ ಒಂದೇ, ಅಪ್ಪನದು. ಅಮ್ಮ ಬೀರಿನಿಂದ ಅದನ್ನು ತೆಗೆದು ಕೊಟ್ಟು, ಕೆಲಸ ಮುಗಿಯುವ ತನಕ ಮೆಟ್ಟಿಲ ಮೇಲೆ ಕಾವಲು ಕೂತಿದ್ದಳು. ಆಮೇಲೆ ಸುತ್ತಿಗೆ ಒಳಗಿಟ್ಟು, ಸಾಮಾನನ್ನೆಲ್ಲ ಎಣಿಸಿದಳು. ಬೀರಿನ ಬಾಗಿಲು ಮುಚ್ಚಿತು, ಮುಚ್ಚಿಯೇ ಇತ್ತು.

ರಾತ್ರಿ ಅಣ್ಣ ಊಟಕ್ಕೆ ಕೂತಾಗ ನೀರಿನ ಲೋಟ ಸಣ್ಣಗೆ ನಡುಗಿತು. ಅವನ ಹೆಂಡತಿ ಮೂಗು ಮುರಿದಳು.

"ಶುರುವಾಯ್ತು ನೋಡಿ, ನಿಮ್ಮ ತಮ್ಮನ ಹೆಂಡ್ತಿ ನಡಿಗೆ."

ಅಣ್ಣ ಲೋಟದ ನೀರು ನಿಲ್ಲುವ ತನಕ ನೋಡಿದ.

"ನಡೀಲಿ ಬಿಡು," ಅಂದ. "ಅಮ್ಮ ಮಲಗಿದಾಳೆ."